ಹೆಂಡತಿಗೆ ಎರಡನೇ ಮಂಚ, ದೇಹ ಮಣ್ಣಿಗೆ: ಶೇಕ್ಸ್‌ಪಿಯರ್ ಊರಿನ ಉಯಿಲುಗಳು

ಪ್ರಶ್ನೆ: ಶೇಕ್ಸ್‌ಪಿಯರ್ ತನ್ನ ಉಯಿಲಿನಲ್ಲಿ ಹೆಂಡತಿಗೆ ಒಂದು ಮಂಚ ಮಾತ್ರ ಬಿಟ್ಟು ಹೋದ, ಅದೂ ಮನೆಯ ಒಳ್ಳೇ ಮಂಚ ಅಲ್ಲ, ಎರಡನೆಯದು ಅಂತ ಓದಿದೆ. ಅಷ್ಟು ಆಸ್ತಿ ಇದ್ದವನು ಹೀಗೆ ಮಾಡಿದ್ದು ಅವಮಾನ ಅಲ್ವಾ? ಇನ್ನೊಂದು ಅನುಮಾನ. ಆಗಿನ ಇಂಗ್ಲೆಂಡಿನ ಉಯಿಲುಗಳು ದೇವರು, ಆತ್ಮ, ಹೆಣ ಹೂಳುವ ಜಾಗ ಅಂತ ಶುರುವಾಗುತ್ತವಂತೆ. ಆಸ್ತಿ ಹಂಚುವ ಕಾಗದಕ್ಕೆ ಅದೆಲ್ಲ ಯಾಕೆ? ಹೂಳುವ ವಿಷಯದಲ್ಲಿ ಬರೆದದ್ದನ್ನು ಮನೆಯವರು ಪಾಲಿಸಲೇಬೇಕಿತ್ತಾ?

ಉತ್ತರ: ಮಂಚದ ಮಾತು ನಿಜ. ಉಯಿಲು ಇರುವುದು ಮೂರು ಹಾಳೆ. ಕೊನೆಯ ಹಾಳೆಯಲ್ಲಿ, ಮೊದಲೇ ಬರೆದಿದ್ದ ಎರಡು ಸಾಲುಗಳ ನಡುವೆ, ಸಣ್ಣ ಅಕ್ಷರದಲ್ಲಿ ತುರುಕಿದ ಒಂದು ಸಾಲು ಅದು. 'ನನ್ನ ಹೆಂಡತಿಗೆ ನನ್ನ ಎರಡನೇ ಒಳ್ಳೆಯ ಮಂಚ, ಅದರ ಸಾಮಾನಿನ ಸಮೇತ' ಅಂತ ಅದರ ಅರ್ಥ. ಇಡೀ ಉಯಿಲಿನಲ್ಲಿ ಹೆಂಡತಿಯ ಮಾತು ಬರುವುದು ಇಲ್ಲಿ ಮಾತ್ರ. ಆನ್ ಅನ್ನುವ ಹೆಸರು ಕೂಡ ಇಲ್ಲ. ಓದಿದವರಿಗೆ ಸಿಟ್ಟು ಬಂದರೆ ಆಶ್ಚರ್ಯವೇನೂ ಇಲ್ಲ.

ಆದರೆ ಆ ಕಾಲದ ಉಯಿಲು ಅಂದರೆ ಒಬ್ಬ ಮನುಷ್ಯನ ಪೂರ್ತಿ ಆಸ್ತಿಯ ಲೆಕ್ಕ ಅಲ್ಲ. ಕಾನೂನು ಕೊಡುವುದನ್ನು ಕೊಟ್ಟು, ಮದುವೆ ಹೊತ್ತಿನ ಕರಾರಿನಲ್ಲಿ ಹೋಗಬೇಕಾದ್ದು ಹೋಗಿ, ಮಿಕ್ಕಿದ್ದಕ್ಕೆ ಬರೆಯುತ್ತಿದ್ದ ಕಾಗದ ಅದು. ಯಾರ ಪಾಲು ಆಗಲೇ ಗಟ್ಟಿಯಾಗಿದೆಯೋ ಅವರ ಹೆಸರು ಅಲ್ಲಿ ಕಡಿಮೆ ಕಾಣುತ್ತದೆ. ಯಾರ ವಿಷಯದಲ್ಲಿ ತಲೆಬಿಸಿ ಇದೆಯೋ ಅವರಿಗೆ ಸಾಲುಗಟ್ಟಲೆ ಜಾಗ. ಶೇಕ್ಸ್‌ಪಿಯರನ ಉಯಿಲಿನಲ್ಲಿ ಜಾಸ್ತಿ ಜಾಗ ತಿಂದಿರುವವಳು ಕಿರಿಯ ಮಗಳು ಜೂಡಿತ್. ಆಮೇಲೆ ನೋಡಿದರೆ ಅವಳೇ ಅಪ್ಪನಿಗೆ ದೊಡ್ಡ ಚಿಂತೆ ಆಗಿದ್ದಳು. ಆ ಕಥೆಗೆ ಬರುತ್ತೇನೆ.

ಮೊದಲು, ಈ ಕಾಗದವನ್ನು ಅವನು ನಾಟಕಕಾರನಾಗಿ ಬರೆಸಿಲ್ಲ ಅನ್ನುವುದನ್ನು ನೆನಪಿಡಿ. ಅವನ ನಾಟಕಗಳ ಸುದ್ದಿಯೇ ಅದರಲ್ಲಿ ಇಲ್ಲ. 'ವಾರಿಕ್ ಕೌಂಟಿಯ ಸ್ಟ್ರಾಟ್‌ಫರ್ಡ್ ಅಪಾನ್ ಏವನ್ ಊರಿನ ವಿಲಿಯಂ ಶೇಕ್ಸ್‌ಪಿಯರ್, ಜೆಂಟಲ್‌ಮನ್' ಅಂತ ಅವನು ತನ್ನನ್ನು ಕರೆದುಕೊಂಡಿದ್ದಾನೆ. ಈಗ ಯಾರನ್ನು ಬೇಕಾದರೂ ಜೆಂಟಲ್‌ಮನ್ ಅನ್ನುತ್ತೇವೆ. ಆಗ ಅದೊಂದು ಅಂತಸ್ತು. ಲಾರ್ಡುಗಳಿಗಿಂತ ಕೆಳಗೆ, ಸ್ವಂತ ಜಮೀನು ಉಳುವ ರೈತರಿಗಿಂತ ಮೇಲೆ. ಕೈ ಕೆಸರು ಮಾಡಿಕೊಳ್ಳದೆ ಜಮೀನಿನ ಹುಟ್ಟುವಳಿಯಲ್ಲಿ ಬದುಕುವವರು. ಕೈಗವಸು ಹೊಲಿಯುತ್ತಿದ್ದ ಅವನ ಅಪ್ಪನಿಗೆ 1596ರಲ್ಲಿ ವಂಶದ ಲಾಂಛನ ಮಂಜೂರಾಗಿತ್ತು. ಅಂದರೆ ಮನೆಗೆ ದೊಡ್ಡಸ್ತಿಕೆ ಬಂದು ಇಪ್ಪತ್ತು ವರ್ಷ ಆಗಿತ್ತು, ಅಷ್ಟೇ. ಹೊಸದಾಗಿ ಬಂದ ದೊಡ್ಡಸ್ತಿಕೆಯನ್ನು ಚೂರಾಗಲು ಬಿಡಬಾರದು ಅನ್ನುವ ಹಟ ಈ ಉಯಿಲಿನ ಉದ್ದಕ್ಕೂ ಇದೆ.

ಈಗ ದೇವರ ವಿಷಯ. ಉಯಿಲು 'ದೇವರ ಹೆಸರಿನಲ್ಲಿ, ಆಮೆನ್' ಅಂತ ಶುರು. ನಮ್ಮಲ್ಲಿ ಕಾಗದದ ತಲೆಗೆ 'ಶ್ರೀ' ಬರೆಯುವ ಹಾಗೆ ಅಂದುಕೊಳ್ಳಬಹುದು. ಆದರೆ ಅಲ್ಲಿ ಇನ್ನೊಂದು ಕಾರಣವೂ ಇತ್ತು. ಉಯಿಲು ಹೋಗುತ್ತಿದ್ದುದು ಚರ್ಚಿನ ಕೋರ್ಟಿಗೆ. ಸತ್ತವರ ಸಾಮಾನು, ದುಡ್ಡು, ಸಾಲ ಇವುಗಳ ಉಸ್ತುವಾರಿ ಬಿಷಪ್ಪುಗಳ ಕೈಯಲ್ಲಿತ್ತು. ಒಂದಕ್ಕಿಂತ ಹೆಚ್ಚು ಬಿಷಪ್ಪುಗಳ ವ್ಯಾಪ್ತಿಯಲ್ಲಿ 5 ಪೌಂಡಿಗಿಂತ ಜಾಸ್ತಿ ಬೆಲೆಯ ಸಾಮಾನು ಇದ್ದರೆ, ದಕ್ಷಿಣ ಇಂಗ್ಲೆಂಡಿನವರ ಉಯಿಲು ಕ್ಯಾಂಟರ್ಬರಿ ಆರ್ಚ್‌ಬಿಷಪ್ಪರ ಕೋರ್ಟಿಗೆ ಹೋಗಬೇಕು. ಶೇಕ್ಸ್‌ಪಿಯರನ ಉಯಿಲೂ ಅಲ್ಲಿಗೇ ಹೋಯಿತು. 1616ರ ಜೂನ್ 22ರಂದು ದೊಡ್ಡ ಅಳಿಯ ಜಾನ್ ಹಾಲ್ ಲಂಡನ್ನಿನಲ್ಲಿ ಪ್ರಮಾಣ ಮಾಡಿ ಪ್ರೊಬೇಟ್, ಅಂದರೆ ಉಯಿಲಿಗೆ ಕೋರ್ಟಿನ ಒಪ್ಪಿಗೆ, ತೆಗೆದುಕೊಂಡ. ಈ ಕೆಲಸ ಚರ್ಚಿನ ಕೈ ಬಿಟ್ಟು ಸರ್ಕಾರಿ ಕೋರ್ಟಿಗೆ ಬಂದಿದ್ದು 1858ರಲ್ಲಿ.

ಹಾಗಾಗಿ ಆತ್ಮದ ಮಾತು ಮೊದಲು, ದೇಹದ್ದು ಎರಡನೆಯದು, ಪಾತ್ರೆ ಪಗಡೆ ಆಮೇಲೆ. ಅದು ಚರ್ಚಿನ ಲೆಕ್ಕದಲ್ಲಿ ಸರಿಯಾದ ಕ್ರಮ. ಆತ್ಮವನ್ನು ಯಾರಿಗೆ ಒಪ್ಪಿಸುತ್ತಾರೆ ಅನ್ನುವುದು ಮಾತ್ರ ಕಾಲಕ್ಕೆ ತಕ್ಕಂತೆ ಬದಲಾಯಿತು. 1530ಕ್ಕೆ ಮುಂಚೆ ದೇವರ ಜೊತೆಗೆ ಮೇರಿ ಮಾತೆಗೂ ಸ್ವರ್ಗದ ಸಂತರೆಲ್ಲರಿಗೂ ಒಪ್ಪಿಸುತ್ತಿದ್ದರು. ತಮ್ಮ ಆತ್ಮಕ್ಕಾಗಿ ಇಷ್ಟು ಪೂಜೆ ಮಾಡಿಸಿ ಅಂತ ದುಡ್ಡೂ ಇಡುತ್ತಿದ್ದರು. ಏಳನೇ ಹೆನ್ರಿ ರಾಜ 1509ರಲ್ಲಿ ಬರೆಸಿದ್ದು 10,000 ಪೂಜೆ! ಮರೆತುಹೋದ ಚರ್ಚಿನ ತೆರಿಗೆಗೆ ಅಂತ ಸಣ್ಣ ಮೊತ್ತ ಬಿಡುವ ಪದ್ಧತಿಯೂ ಇತ್ತು. ಸಾಯುವ ಹೊತ್ತಿನಲ್ಲಿ ಬಾಕಿ ಇಟ್ಟುಕೊಳ್ಳುವುದು ಯಾಕೆ ಅಂತ. ಇಂಗ್ಲೆಂಡಿನ ಚರ್ಚು ರೋಮಿನ ಪೋಪನಿಂದ ಬೇರೆಯಾಗಿ ಧರ್ಮ ಸುಧಾರಣೆ ಬಂದ ಮೇಲೆ ಈ ಪೂಜೆಗಳು ನಿಂತವು. 1547ರ ಕಾಯ್ದೆ ಅದಕ್ಕಾಗಿ ಇದ್ದ ದತ್ತಿಗಳನ್ನೇ ರಾಜನ ಖಜಾನೆಗೆ ಎಳೆದುಕೊಂಡಿತು. ಆಮೇಲಿನ ಉಯಿಲುಗಳಲ್ಲಿ 'ಯೇಸುವಿನ ಪುಣ್ಯದಿಂದ ಮಾತ್ರ' ಉದ್ಧಾರ ಅನ್ನುವ ಮಾತು ಬರುತ್ತದೆ. ಶೇಕ್ಸ್‌ಪಿಯರನ ಉಯಿಲಿನಲ್ಲೂ ಅದೇ ಇದೆ.

ಇದನ್ನು ಹಿಡಿದುಕೊಂಡು ಅವನು ಪಕ್ಕಾ ಪ್ರಾಟೆಸ್ಟೆಂಟ್ ಅಂತ ಹೇಳಬಹುದಾ? ನಾನು ಹೇಳುವುದಿಲ್ಲ. ಆ ಸಾಲುಗಳು ಬರೆಯುವವನ ಬಳಿ ಇದ್ದ ಮಾದರಿಯಿಂದ ಬಂದವು. ಆಗಿನ ವಕೀಲರ ಕೈಪಿಡಿಗಳಲ್ಲಿ ಹೆಚ್ಚುಕಡಿಮೆ ಅವೇ ಪದಗಳು ಸಿಗುತ್ತವೆ. ನಮ್ಮ ಉಯಿಲುಗಳಲ್ಲಿ 'ನಾನು ಸ್ವಸ್ಥ ಚಿತ್ತದಿಂದ, ಯಾರ ಬಲವಂತವೂ ಇಲ್ಲದೆ' ಅಂತ ಬರೆಯುವುದಿಲ್ವಾ, ಹಾಗೆ. ಶೇಕ್ಸ್‌ಪಿಯರ್ ಕೂಡ 'ಪೂರ್ತಿ ಆರೋಗ್ಯ, ಪೂರ್ತಿ ನೆನಪು, ದೇವರ ದಯೆ' ಅಂತಲೇ ಬರೆಸಿದ್ದಾನೆ. ಇನ್ನೊಂದು ತಿಂಗಳಿಗೆ ಸತ್ತ. ಅಂದ ಹಾಗೆ, ನಮ್ಮ 'ಉಯಿಲು' ಅನ್ನುವ ಪದ ಇಂಗ್ಲಿಷಿನ ವಿಲ್ಲೇ. ಕನ್ನಡದ ನಾಲಿಗೆಯಲ್ಲಿ ಹೊರಳಿ ಹಾಗಾಗಿದೆ. ಪ್ರೊಬೇಟ್, ಎಕ್ಸಿಕ್ಯೂಟರ್ (ಉಯಿಲಿನಲ್ಲಿ ಬರೆದದ್ದನ್ನು ನಡೆಸಿಕೊಡುವವನು) ಅನ್ನುವ ಮಾತುಗಳು ಆ ದೇಶದ ಕಾನೂನಿನಿಂದ ನಮ್ಮ 1925ರ ಉತ್ತರಾಧಿಕಾರ ಕಾಯ್ದೆಗೆ ಬಂದವು. ಹಾಗಾಗಿ ಆ ಹಳೇ ಕಾಗದ ಓದುವಾಗ ನಮಗೆ ಪೂರ್ತಿ ಅಪರಿಚಿತ ಅನ್ನಿಸುವುದಿಲ್ಲ.

ಇನ್ನು ದೇಹ. 'ನನ್ನ ದೇಹ ಯಾವ ಮಣ್ಣಿನಿಂದ ಆಯಿತೋ ಆ ಮಣ್ಣಿಗೆ.' ಶೇಕ್ಸ್‌ಪಿಯರ್ ಬರೆಸಿದ್ದು ಇಷ್ಟೇ. ಯಾವ ಚರ್ಚು, ಯಾವ ಮೂಲೆ, ಎಷ್ಟು ಖರ್ಚು, ಒಂದೂ ಇಲ್ಲ. ಇದು ಸ್ವಲ್ಪ ವಿಚಿತ್ರವೇ. ಯಾಕೆಂದರೆ ಅವನ ಸಾಲಿನ ಜನ ಈ ವಿಷಯದಲ್ಲಿ ತುಂಬಾ ಕಟ್ಟುನಿಟ್ಟು.

ಅದೇ ಊರಿನ ಜಾನ್ ಕೂಂಬ್ ಅನ್ನುವವನನ್ನು ನೋಡಿ. ಮದುವೆಯಾಗದ ಜೆಂಟಲ್‌ಮನ್, ಜಮೀನು ಜೋರಾಗಿತ್ತು, ಜೊತೆಗೆ ಬಡ್ಡಿ ವ್ಯವಹಾರ. ಅವನು 1613ರ ಜನವರಿಯಲ್ಲಿ ಉಯಿಲು ಬರೆಸಿ 1614ರಲ್ಲಿ ತೀರಿಕೊಂಡ. ಸ್ಟ್ರಾಟ್‌ಫರ್ಡ್ ಚರ್ಚಿನ ಒಳಗೆ, ತನ್ನ ತಾಯಿಯನ್ನು ಹೂಳಿದ ಜಾಗದ ಹತ್ತಿರ ಹೂಳಬೇಕು, ಮೇಲೆ 60 ಪೌಂಡ್ ಬೆಲೆಯ ಸಮಾಧಿ ಕಟ್ಟಿಸಬೇಕು ಅಂತ ಅವನ ಅಪ್ಪಣೆ. ಆ ಊರಿನ ಸ್ಕೂಲ್ ಮೇಷ್ಟ್ರಿಗೆ ವರ್ಷಕ್ಕೆ 20 ಪೌಂಡ್ ಸಂಬಳ ಇದ್ದ ಕಾಲ ಅದು. ಮೇಷ್ಟ್ರ ಮೂರು ವರ್ಷದ ದುಡಿಮೆ ಒಂದು ಕಲ್ಲಿನ ಮೂರ್ತಿಗೆ! ಕೈ ಮುಗಿದು ಮಲಗಿರುವ ಅವನ ಮೂರ್ತಿ ಈಗಲೂ ಅಲ್ಲಿ ಇದೆ.

ಜಾಗಕ್ಕೆ ಯಾಕೆ ಇಷ್ಟು ಬೆಲೆ? ಚರ್ಚಿನ ನೆಲವೇ ಊರಿನ ಅಂತಸ್ತಿನ ನಕ್ಷೆ ಆಗಿತ್ತು. ಸಾಮಾನ್ಯ ಜನರಿಗೆ ಹೊರಗಿನ ಅಂಗಳ. ದುಡ್ಡಿದ್ದವರಿಗೆ ಚರ್ಚಿನ ಒಳಗಿನ ನೆಲ. ಅದಕ್ಕೆ ಬೇರೆ ಶುಲ್ಕ, ಎಷ್ಟೋ ಕಡೆ 6 ಶಿಲಿಂಗ್ 8 ಪೆನ್ಸ್ (ಆಗ 12 ಪೆನ್ಸ್ ಸೇರಿದರೆ ಒಂದು ಶಿಲಿಂಗ್, 20 ಶಿಲಿಂಗ್ ಸೇರಿದರೆ ಒಂದು ಪೌಂಡ್). ಎಲ್ಲಕ್ಕಿಂತ ಮೇಲಿನದು ಪೂರ್ವದ ತುದಿಯಲ್ಲಿ, ಪೂಜೆ ನಡೆಯುವ ಚಾನ್ಸೆಲ್. ನಮ್ಮ ಗರ್ಭಗುಡಿಯ ಮುಂದಿನ ಸುಕನಾಸಿ ಇದ್ದ ಹಾಗೆ ಅಂದುಕೊಳ್ಳಿ, ಹೋಲಿಕೆ ಪೂರ್ತಿ ಕೂಡುವುದಿಲ್ಲ. ನಾವು ದೇವಸ್ಥಾನದ ಒಳಗೆ ಹೆಣ ಹೂಳುವ ಮಾತನ್ನೇ ಆಡುವುದಿಲ್ಲ. ಅಲ್ಲಿ ಮಾತ್ರ ದೇವರ ಹತ್ತಿರ ಮಲಗುವುದೇ ಗೌರವ. ಕೆಲವರು 'ನಾನು ಭಾನುವಾರ ಕೂರುವ ಬೆಂಚಿನ ಪಕ್ಕ' ಅಂತ ಬರೆಸುತ್ತಿದ್ದರು. ಕೆಲವರು 'ಮೊದಲ ಹೆಂಡತಿಯ ಪಕ್ಕ' ಅಂತ. ಎರಡನೇ ಹೆಂಡತಿ ಎದುರಿಗೆ ಕೂತಿರುವಾಗ ಅದನ್ನು ಹೇಗೆ ಓದಿಸಿದರೋ!

ಶೇಕ್ಸ್‌ಪಿಯರ್ ಜಾಗ ಕೇಳದೆ ಇದ್ದರೂ ಅವನನ್ನು ಹೂಳಿದ್ದು ಚಾನ್ಸೆಲ್‌ನಲ್ಲೇ. 1605ರಲ್ಲಿ ಅವನು 440 ಪೌಂಡ್ ಕೊಟ್ಟು ಆ ಚರ್ಚಿಗೆ ಬರಬೇಕಾದ ಧಾನ್ಯದ ತೆರಿಗೆಯಲ್ಲಿ ಪಾಲು ಗುತ್ತಿಗೆ ಹಿಡಿದಿದ್ದ. ಆ ಪಾಲಿನ ಜೊತೆಗೆ ಚಾನ್ಸೆಲ್‌ನಲ್ಲಿ ಮಲಗುವ ಹಕ್ಕೂ ಬಂತು ಅನ್ನುವುದು ಸಾಮಾನ್ಯವಾಗಿ ಒಪ್ಪಿರುವ ಮಾತು. ಜಾಗ ಕೈಯಲ್ಲೇ ಇದ್ದವನು ಉಯಿಲಿನಲ್ಲಿ ಕೇಳುವುದು ಯಾಕೆ? ಹೆಂಡತಿಯ ವಿಷಯದಲ್ಲೂ ಈ ಲೆಕ್ಕ ನೆನಪಿರಲಿ.

ಅವನ ಗೋರಿ ಕಲ್ಲಿನ ಮೇಲೆ ನಾಲ್ಕು ಸಾಲಿನ ಒಂದು ಪದ್ಯ ಇದೆ. ಇಲ್ಲಿನ ಮಣ್ಣು ಅಗೆಯಬೇಡಿ, ಈ ಕಲ್ಲು ಮುಟ್ಟದವನಿಗೆ ಒಳ್ಳೆಯದಾಗಲಿ, ಮೂಳೆ ಕದಲಿಸಿದವನಿಗೆ ಶಾಪ ತಟ್ಟಲಿ ಅಂತ. ಸುಮ್ನೆ ಹೆದರಿಸಲು ಬರೆದದ್ದಲ್ಲ. ಚಾನ್ಸೆಲ್‌ಗೆ ಅಂಟಿಕೊಂಡೇ ಒಂದು ಮೂಳೆ ಮನೆ ಇತ್ತು. ಹೊಸ ಹೆಣಕ್ಕೆ ಜಾಗ ಬೇಕಾದಾಗ ಹಳೇ ಗುಂಡಿ ಅಗೆದು, ಸಿಕ್ಕ ಮೂಳೆಗಳನ್ನು ಅಲ್ಲಿ ರಾಶಿ ಹಾಕುತ್ತಿದ್ದರು. 1800ರಲ್ಲಿ ಅದನ್ನು ಕೆಡವಿದರು. ಚರ್ಚಿಗೆ ಹೋದಾಗೆಲ್ಲ ಆ ರಾಶಿಯನ್ನು ಕಂಡ ಊರಿನವರಿಗೆ ಈ ಭಯ ಏನು ಅಂತ ಗೊತ್ತು.

ಹೆಣದ ಬಟ್ಟೆಯ ಬಗ್ಗೆಯೂ ಒಂದು ಮಾತು ಹೇಳಿಬಿಡುತ್ತೇನೆ, ಇದು ಶೇಕ್ಸ್‌ಪಿಯರ್ ಸತ್ತು ಐವತ್ತು ವರ್ಷ ಆದ ಮೇಲಿನದು. ಉಣ್ಣೆ ವ್ಯಾಪಾರ ಉಳಿಸಲು ಹೆಣಕ್ಕೆ ಇಂಗ್ಲಿಷ್ ಉಣ್ಣೆ ಬಟ್ಟೆಯನ್ನೇ ಸುತ್ತಬೇಕು ಅಂತ 1666ರಲ್ಲಿ ಕಾಯ್ದೆ ತಂದರು. ಯಾರೂ ಲೆಕ್ಕಕ್ಕೆ ಇಡಲಿಲ್ಲ ಅಂತ 1678ರಲ್ಲಿ ಬಿಗಿ ಮಾಡಿದರು. ತಪ್ಪಿದರೆ 5 ಪೌಂಡ್ ದಂಡ. ಅರ್ಧ ಊರಿನ ಬಡವರಿಗೆ, ಅರ್ಧ ದೂರು ಕೊಟ್ಟವನಿಗೆ. ಶ್ರೀಮಂತರಿಗೆ ನಾರುಬಟ್ಟೆಯೇ ಬೇಕು. ಅವರು ಮನೆಯವರೊಬ್ಬರಿಂದಲೇ ದೂರು ಕೊಡಿಸಿ ಅರ್ಧ ದಂಡ ವಾಪಸು ಮನೆಗೆ ತರುತ್ತಿದ್ದರು. ಕಾನೂನು ಇರುವ ಕಡೆ ಇಂಥ ಜಾಣತನ ಎಲ್ಲ ದೇಶದಲ್ಲೂ ಒಂದೇ.

ಸರಿ, ಆಸ್ತಿಗೆ ಬರೋಣ. 1540ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಜಮೀನನ್ನು ಉಯಿಲಿನಲ್ಲಿ ನೇರವಾಗಿ ಬರೆದುಕೊಡಲು ಸಾಮಾನ್ಯವಾಗಿ ಆಗುತ್ತಿರಲಿಲ್ಲ. ಅದು ದೊಡ್ಡ ಮಗನಿಗೆ ಹೋಗಬೇಕು, ಮುಗೀತು. ಎಂಟನೇ ಹೆನ್ರಿ ಕಾಲದ ಉಯಿಲು ಕಾಯ್ದೆ ಆ ಬಾಗಿಲು ತೆರೆಯಿತು. ರಾಜನಿಗೆ ಸೈನಿಕ ಸೇವೆ ಸಲ್ಲಿಸುವ ಕರಾರಿನ ಭೂಮಿಯಲ್ಲಿ ಮೂರರಲ್ಲಿ ಎರಡು ಪಾಲು, ಉಳಿದ ಬಗೆಯ ಭೂಮಿಯಲ್ಲಿ ಪೂರ್ತಿ, ಯಾರಿಗೆ ಬೇಕೋ ಅವರಿಗೆ ಬರೆಯಬಹುದು. ಮದುವೆಯಾದ ಹೆಂಗಸಿಗೆ ಮಾತ್ರ ಆ ಹಕ್ಕು ಇಲ್ಲ. ಗಂಡ ಒಪ್ಪದೆ ತನ್ನ ಸಾಮಾನಿಗೂ ಅವಳು ಉಯಿಲು ಬರೆಯುವಂತಿಲ್ಲ. ವಿಧವೆಯಾದ ಮೇಲೆ ಅವಳ ಕೈ ಬಿಚ್ಚುತ್ತಿತ್ತು.

ಶೇಕ್ಸ್‌ಪಿಯರನ ಒಬ್ಬನೇ ಮಗ ಹ್ಯಾಮ್ನೆಟ್ 1596ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ ತೀರಿಕೊಂಡಿದ್ದ. ಲಾಂಛನ ಸಿಕ್ಕ ವರ್ಷವೇ. ಉಳಿದವರು ಇಬ್ಬರು ಹೆಣ್ಣುಮಕ್ಕಳು. ಅಪ್ಪ ಏನೂ ಬರೆಯದೆ ಸತ್ತಿದ್ದರೆ ಜಮೀನು ಇಬ್ಬರಿಗೂ ಸಮ ಪಾಲಾಗುತ್ತಿತ್ತು. ಅದೇ ಅವನಿಗೆ ಬೇಡವಾಗಿತ್ತು. ಹಾಗಾಗಿ ನ್ಯೂ ಪ್ಲೇಸ್ ಅನ್ನುವ ದೊಡ್ಡ ಮನೆ, ಜಮೀನು, ಲಂಡನ್ನಿನ ಮನೆ ಎಲ್ಲ ದೊಡ್ಡವಳು ಸುಸಾನಳಿಗೆ. ಅವಳಾದ ಮೇಲೆ ಅವಳ ಮೊದಲ ಮಗನಿಗೆ. ಅವನಿಗೆ ವಂಶ ಇಲ್ಲದಿದ್ದರೆ ಎರಡನೇ ಮಗನಿಗೆ. ಹೀಗೇ ಮೂರು, ನಾಲ್ಕು, ಐದು, ಆರು, ಏಳನೇ ಮಗನವರೆಗೆ ಬರೆಸಿದ್ದಾನೆ! ಉಯಿಲು ಬರೆಯುವಾಗ ಸುಸಾನಳಿಗೆ ಇದ್ದದ್ದು ಎಂಟು ವರ್ಷದ ಒಬ್ಬಳೇ ಮಗಳು, ಎಲಿಜಬೆತ್. ಹುಟ್ಟದ ಏಳು ಹುಡುಗರಿಗೆ ಅಲ್ಲಿ ಸಾಲು ಕಾಯುತ್ತಿದೆ.

ಇನ್ನು ಆನ್. ಗಂಡ ಸತ್ತರೆ ಅವನ ಜಮೀನಿನ ಮೂರರಲ್ಲಿ ಒಂದು ಪಾಲಿನ ಆದಾಯ ಜೀವ ಇರುವವರೆಗೆ ಹೆಂಡತಿಗೆ ಅಂತ ಇಂಗ್ಲೆಂಡಿನ ಸಾಮಾನ್ಯ ಕಾನೂನೇ ಹೇಳುತ್ತಿತ್ತು. ಡವರ್ ಅಂತ ಅದರ ಹೆಸರು. ಉಯಿಲಿನಲ್ಲಿ ಬರೆದರೂ ಅದು ಅವಳದು, ಬರೆಯದಿದ್ದರೂ ಅವಳದು. ಬರೀ ಉಯಿಲಿನಿಂದ ಗಂಡ ಅದನ್ನು ಕಿತ್ತುಕೊಳ್ಳಲು ಆಗುತ್ತಿರಲಿಲ್ಲ. ಇಂಥ ಹಕ್ಕು ಇರುವವಳ ಹೆಸರು ಕಾಗದದಲ್ಲಿ ಇಲ್ಲದಿದ್ದರೆ ಅವಳು ಬೀದಿಗೆ ಬಿದ್ದಳು ಅಂತ ಅರ್ಥ ಅಲ್ಲ. ಅಷ್ಟಕ್ಕೂ ಆಸ್ತಿ ಹೋದದ್ದು ಸ್ವಂತ ಮಗಳಿಗೆ.

ಇದಕ್ಕೆ ಎದುರು ವಾದವೂ ಇದೆ, ಅದನ್ನು ಮುಚ್ಚಿಡಬಾರದು. 1613ರಲ್ಲಿ 140 ಪೌಂಡಿಗೆ ಅವನು ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್‌ನಲ್ಲಿ ಒಂದು ಮನೆ ಕೊಂಡ. ತನ್ನ ಜೊತೆಗೆ ಇನ್ನೂ ಮೂವರ ಹೆಸರು ಸೇರಿಸಿ ಕೊಂಡ. ಹಾಗೆ ಮಾಡಿದರೆ ಆ ಮನೆಯಲ್ಲಿ ಹೆಂಡತಿಗೆ ಡವರ್ ಹಕ್ಕು ಹುಟ್ಟುವುದಿಲ್ಲ. ಬೇಕೂ ಅಂತ ಮಾಡಿದ ಅನ್ನುವವರು ಇದ್ದಾರೆ. ನನಗೆ ಅದು ವ್ಯಾಪಾರದ ಅನುಕೂಲಕ್ಕೆ ಮಾಡಿದ್ದು ಅನ್ನಿಸುತ್ತದೆ. ಡವರ್ ಹಕ್ಕು ಅಂಟಿಕೊಂಡ ಆಸ್ತಿಯನ್ನು ಮುಂದೆ ಮಾರುವುದು ರಗಳೆ. ನಮ್ಮಲ್ಲೂ ಆಸ್ತಿ ಮಾರುವಾಗ ಮನೆಯವರೆಲ್ಲರ ಸಹಿ ಹಾಕಿಸಲು ಓಡಾಡುವುದಿಲ್ವಾ, ಆ ತರಹದ ರಗಳೆ.

ಹಾಗಾದರೆ ಮಂಚ? ಆಗಿನ ಮಂಚ ಅಂದರೆ ನಾಲ್ಕು ಕಾಲು, ಒಂದು ಹಲಗೆ ಅಲ್ಲ. ಕೆತ್ತನೆ ಕಂಬ, ಮೇಲೆ ಛಾವಣಿ, ಸುತ್ತ ದಪ್ಪ ಪರದೆ, ಹಕ್ಕಿ ಗರಿ ತುಂಬಿದ ಹಾಸಿಗೆ, ಉದ್ದ ದಿಂಬು, ಕಂಬಳಿ, ಮೇಲುಹೊದಿಕೆ. 'ಸಾಮಾನಿನ ಸಮೇತ' ಅಂದರೆ ಇದೆಲ್ಲ ಸೇರಿ. ಎಷ್ಟೋ ಮನೆಗಳಲ್ಲಿ ಎಲ್ಲಕ್ಕಿಂತ ಬೆಲೆಯ ವಸ್ತು ಅದೇ. ಒಳ್ಳೇ ಮಂಚ ಮನೆಯ ಜೊತೆಗೆ ವಾರಸುದಾರರಿಗೆ ಹೋಗುವುದು ರೂಢಿ, ಕೆಲವು ಕಡೆ ಅದು ಅತಿಥಿಗಳ ಕೋಣೆಯ ಮಂಚ. ಆನ್ ತವರಿನಲ್ಲೂ ಮಂಚದ ಮಾತು ಬಂದಿತ್ತು. ಅವಳ ಅಪ್ಪ ರಿಚರ್ಡ್ ಹ್ಯಾಥವೇ 1581ರ ಉಯಿಲಿನಲ್ಲಿ, ನಡುಮನೆಯಲ್ಲಿರುವ ಎರಡು ಮಂಚ ಅಲ್ಲಿಂದ ಕದಲಬಾರದು ಅಂತ ಬರೆಸಿದ್ದ. ಎರಡನೇ ಮಂಚ ಗಂಡ ಹೆಂಡತಿ ಮಲಗುತ್ತಿದ್ದ ಮಂಚವೇ ಇರಬೇಕು ಅನ್ನುವ ಊಹೆ, ಒಳ್ಳೇ ಮಂಚ ಅತಿಥಿಗಳಿಗೆ ಅನ್ನುವ ರೂಢಿಯಿಂದ ಹುಟ್ಟಿದ್ದು. ಊಹೆ, ಅಷ್ಟೇ. ನೆನಪಾಗಿ ಕೊನೆಗೆ ಸೇರಿಸಿದ ಪ್ರೀತಿಯೋ, ಅವಳೇ ಕೇಳಿ ಬರೆಸಿಕೊಂಡಳೋ, ಆ ಸಣ್ಣ ಅಕ್ಷರ ಹೇಳುವುದಿಲ್ಲ. ಆದರೆ ನಿಜವಾದ ಅವಮಾನ ಹೇಗಿರುತ್ತದೆ ಗೊತ್ತಾ? ಹತ್ತು ವರ್ಷ ಆದ ಮೇಲೆ ತತ್ವಜ್ಞಾನಿ ಫ್ರಾನ್ಸಿಸ್ ಬೇಕನ್ ಏನು ಮಾಡಿದ ನೋಡಿ. ಮೊದಲು ಹೆಂಡತಿಗೆ ಉದಾರವಾಗಿ ಬರೆಸಿ, ಕಡೆಯಲ್ಲಿ 'ನ್ಯಾಯವಾದ ದೊಡ್ಡ ಕಾರಣಗಳಿಗಾಗಿ' ಅದನ್ನೆಲ್ಲ ರದ್ದು ಮಾಡಿ, ಕಾನೂನಿನ ಹಕ್ಕು ಎಷ್ಟೋ ಅಷ್ಟೇ ಸಿಗಲಿ ಅಂತ ಸೇರಿಸಿದ. ಹೆಂಡತಿಯ ಮೇಲೆ ಸಿಟ್ಟಿದ್ದ ಗಂಡ ಹೀಗೆ ಬಾಯಿಬಿಟ್ಟು ಬರೆಸುತ್ತಿದ್ದ.

ಜೂಡಿತ್ ಕಥೆ ಹೇಳುತ್ತೇನೆ ಅಂದಿದ್ದೆ. ಉಯಿಲಿನ ಮೊದಲ ಸಾಲಿನಲ್ಲಿ ತಾರೀಕು ನೋಡಿದರೆ 'ಜನವರಿ' ಅಂತ ಬರೆದದ್ದನ್ನು ಹೊಡೆದು 'ಮಾರ್ಚ್' ಮಾಡಿದ್ದಾರೆ. ದಿನ 25. ಅಂದರೆ ಜನವರಿಯಲ್ಲಿ ಒಂದು ಕರಡು ಆಗಿತ್ತು. ನಡುವೆ, ಫೆಬ್ರವರಿ 10ಕ್ಕೆ, ಜೂಡಿತ್ ಮದುವೆ ಥಾಮಸ್ ಕ್ವಿನಿ ಅನ್ನುವ ವೈನ್ ವ್ಯಾಪಾರಿಯ ಜೊತೆ ಆಯಿತು. ಮದುವೆ ಆದ ಮೇಲೆ ಗುಟ್ಟು ಹೊರಗೆ ಬಿತ್ತು. ಮಾರ್ಗರೆಟ್ ವೀಲರ್ ಅನ್ನುವ ಹೆಂಗಸು ಅವನಿಂದ ಬಸುರಿಯಾಗಿದ್ದಳು. ಅವಳು, ಮಗು ಇಬ್ಬರೂ ಹೆರಿಗೆಯಲ್ಲಿ ಹೋದರು. ಮಾರ್ಚ್ 15ಕ್ಕೆ ಇಬ್ಬರನ್ನೂ ಹೂಳಿದರು. ಮಾರ್ಚ್ 26ಕ್ಕೆ ಕ್ವಿನಿ ಊರಿನ ಚರ್ಚ್ ಕೋರ್ಟಿನ ಮುಂದೆ ನಿಂತು ತಪ್ಪು ಒಪ್ಪಿಕೊಂಡ. ಮೂರು ಭಾನುವಾರ ಬಿಳಿ ಬಟ್ಟೆ ಹೊದ್ದು ಚರ್ಚಿನಲ್ಲಿ ನಿಲ್ಲಬೇಕು ಅನ್ನುವ ಶಿಕ್ಷೆ ಕೊನೆಗೆ 5 ಶಿಲಿಂಗ್ ದಂಡಕ್ಕೆ ಇಳಿಯಿತು.

ವಿಚಾರಣೆಯ ಹಿಂದಿನ ದಿನವೇ ಮಾವ ಉಯಿಲು ತಿದ್ದಿಸಿದ್ದು. ಮೊದಲ ಕೊಡುಗೆಯ ಸಾಲಿನಲ್ಲಿ 'ಅಳಿಯನಿಗೆ' ಅನ್ನುವ ಪದ ಹೊಡೆದು 'ಮಗಳು ಜೂಡಿತ್‌ಗೆ' ಅಂತ ಬರೆದಿದೆ. ಅವಳಿಗೆ 100 ಪೌಂಡ್ ಮದುವೆ ಹಣ. ಒಂದು ಸಣ್ಣ ಮನೆಯ ಹಕ್ಕು ಅಕ್ಕನಿಗೆ ಬಿಟ್ಟುಕೊಟ್ಟರೆ ಇನ್ನೂ 50. ಮೂರು ವರ್ಷ ಆದ ಮೇಲೆ ಅವಳೋ ಅವಳ ಮಕ್ಕಳೋ ಬದುಕಿದ್ದರೆ ಇನ್ನೂ 150, ಆದರೆ ಅಸಲು ಕೈಗೆ ಕೊಡುವಂತಿಲ್ಲ, ಬಡ್ಡಿ ಮಾತ್ರ. ಗಂಡನಿಗೆ ಆ ಹಣ ಬೇಕು ಅಂದರೆ ಮೊದಲು ಅಷ್ಟೇ ಬೆಲೆಯ ಜಮೀನು ಅವಳ ಹೆಸರಿಗೆ ಬರೆಯಬೇಕು. ಇಡೀ ಉಯಿಲಿನಲ್ಲಿ ಕ್ವಿನಿ ಹೆಸರು ಒಂದು ಸಲವೂ ಇಲ್ಲ. ಅಳಿಯ ಹೊಳೆಗೆ ಹಾರಿದರೂ ಮಗಳ ದುಡ್ಡು ಮಗಳಿಗೇ ಅನ್ನುವ ಅಪ್ಪನ ಲೆಕ್ಕ ನಮಗೇನು ಹೊಸದೇ?

ಉಳಿದ ಸಣ್ಣ ಕೊಡುಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಜೂಡಿತ್‌ಗೆ ಒಂದು ಚಿನ್ನದ ಮುಲಾಮಿನ ಬೆಳ್ಳಿ ಬೋಗುಣಿ, ಮಿಕ್ಕ ಬೆಳ್ಳಿ ಎಲ್ಲ ಮೊಮ್ಮಗಳಿಗೆ. ತಂಗಿ ಜೋನ್‌ಗೆ 20 ಪೌಂಡ್, ತಾನು ಹಾಕಿಕೊಳ್ಳುತ್ತಿದ್ದ ಬಟ್ಟೆಗಳು, ಹೆನ್ಲಿ ಬೀದಿಯ ಹಳೇ ಮನೆಯಲ್ಲಿ ಜೀವ ಇರುವವರೆಗೆ ವಾಸ, ವರ್ಷಕ್ಕೆ 12 ಪೆನ್ಸ್ ಬಾಡಿಗೆಗೆ. ಗಂಡಸಿನ ಬಟ್ಟೆ ತಂಗಿಗೆ ಯಾಕೆ ಅಂದರೆ ಅವಳಿಗೆ ಮೂವರು ಗಂಡುಮಕ್ಕಳು, ಮತ್ತೆ ಆಗ ಒಳ್ಳೇ ಬಟ್ಟೆ ಅಂದರೆ ದುಡ್ಡೇ. ಆ ಮೂವರಿಗೂ ತಲಾ 5 ಪೌಂಡ್. ಇಲ್ಲಿ ಒಂದು ತಮಾಷೆ ಇದೆ. 'ವಿಲಿಯಂ ಹಾರ್ಟ್' ಅಂತ ಇದೆ, 'ಮೈಕೆಲ್ ಹಾರ್ಟ್' ಅಂತ ಇದೆ, ನಡುವಿನ ಹುಡುಗನ ಹೆಸರಿನ ಜಾಗ ಖಾಲಿ! ಅವನ ಹೆಸರು ಥಾಮಸ್. ಸೋದರಮಾವನಿಗೆ ನೆನಪಾಗಲಿಲ್ಲವೇನೋ, ಬರೆಯುವವನು ಆಮೇಲೆ ತುಂಬೋಣ ಅಂತ ಬಿಟ್ಟನೇನೋ, ತುಂಬಲಿಲ್ಲ. ಪುಟಗಟ್ಟಲೆ ವಿಮರ್ಶೆಗಿಂತ ಈ ಖಾಲಿ ಜಾಗ ನನಗೆ ಆ ಕೋಣೆಯನ್ನು ಚೆನ್ನಾಗಿ ತೋರಿಸುತ್ತದೆ.

ಸ್ನೇಹಿತರಿಗೆ ಉಂಗುರ. ಸತ್ತವರ ನೆನಪಿಗೆ ಉಂಗುರ ಮಾಡಿಸಿಕೊಳ್ಳಿ ಅಂತ ತಲಾ 26 ಶಿಲಿಂಗ್ 8 ಪೆನ್ಸ್ ಬಿಟ್ಟಿದ್ದಾನೆ. ವಿಚಿತ್ರ ಮೊತ್ತ ಅನ್ನಿಸಬಹುದು. 13 ಶಿಲಿಂಗ್ 4 ಪೆನ್ಸ್ ಸೇರಿದರೆ ಒಂದು 'ಮಾರ್ಕ್', ಇದು ಎರಡು ಮಾರ್ಕ್. ಅದರಲ್ಲಿ ಮೂರು ಉಂಗುರ ನಾಟಕದ ಜೊತೆಗಾರರಾದ ಹೆಮಿಂಗ್ಸ್, ಬರ್ಬೇಜ್, ಕಾಂಡೆಲ್ ಅವರಿಗೆ. ಇದೂ ಸಾಲಿನ ನಡುವೆ ಆಮೇಲೆ ಸೇರಿಸಿದ್ದೇ, ಹೆಂಡತಿಯ ಮಂಚದ ಹಾಗೆ. ಕತ್ತಿ ಹೋಗಿದ್ದು ಥಾಮಸ್ ಕೂಂಬ್‌ಗೆ, ಆ ಬಡ್ಡಿ ಕೂಂಬ್‌ನ ಸೋದರನ ಮಗ. ಕತ್ತಿ ಜೆಂಟಲ್‌ಮನ್ ಗುರುತು. ಮಗ ಬದುಕಿದ್ದರೆ ಅವನ ಸೊಂಟಕ್ಕೆ ಹೋಗಬೇಕಿತ್ತು.

ಬಡವರಿಗೆ 10 ಪೌಂಡ್. ಅವನ ಅಂತಸ್ತಿಗೆ ಕಡಿಮೆಯೇನಲ್ಲ. ಆದರೆ ದಾನದ ಸಾಲಿನಲ್ಲಿ ಜಾನ್ ಕೂಂಬ್ ಅವನನ್ನು ಮೀರಿಸಿದ. 20 ಪೌಂಡ್ ಬಡವರಿಗೆ. ಅದರ ಮೇಲೆ 100 ಪೌಂಡ್ ಬೇರೆ ಇಟ್ಟು, ಅದನ್ನು ಊರಿನ 15 ಮಂದಿ ಬಡ ಅಥವಾ ಹೊಸ ಕಸುಬುದಾರರಿಗೆ ತಲಾ 6 ಪೌಂಡ್ 13 ಶಿಲಿಂಗ್ 4 ಪೆನ್ಸ್ ಹಾಗೆ ಮೂರು ವರ್ಷಕ್ಕೆ ಸಾಲ ಕೊಡಿ ಅಂದ. ಒಬ್ಬೊಬ್ಬರಿಂದ ವರ್ಷಕ್ಕೆ 3 ಶಿಲಿಂಗ್ 4 ಪೆನ್ಸ್. ನೂರಕ್ಕೆ ಎರಡೂವರೆ ಬಿತ್ತು. ನೂರಕ್ಕೆ ಹತ್ತು ತೆಗೆದುಕೊಳ್ಳುತ್ತಿದ್ದ ಅಂತ ಊರೆಲ್ಲ ಆಡಿಕೊಳ್ಳುತ್ತಿದ್ದ ಮನುಷ್ಯ! ತನಗೆ ಸಾಲ ಕೊಡಬೇಕಾದವರಿಗೂ ಪ್ರತಿ 20 ಪೌಂಡಿಗೆ ಒಂದು ಪೌಂಡ್ ಬಿಟ್ಟುಬಿಟ್ಟ. ಶೇಕ್ಸ್‌ಪಿಯರನಿಗೂ 5 ಪೌಂಡ್ ಬರೆಸಿದ್ದ. ಸಾಯುವಾಗ ಪುಣ್ಯದ ಖಾತೆ ತೆರೆದ ಅಂತ ನಗಬಹುದು. ಆದರೆ 15 ಮಂದಿ ಬಡಗಿ, ಕಮ್ಮಾರರಿಗೆ ಬಂಡವಾಳ ಸಿಗುವುದು ನಗುವ ವಿಷಯವಲ್ಲ.

ದಾನ ಜೆಂಟಲ್‌ಮನ್‌ಗಳ ಸ್ವತ್ತೂ ಆಗಿರಲಿಲ್ಲ. ಆನ್ ತವರಿನಲ್ಲಿ ಕುರಿ ಕಾಯುತ್ತಿದ್ದ ಥಾಮಸ್ ವಿಟಿಂಗ್ಟನ್ 1601ರಲ್ಲಿ ಉಯಿಲು ಬರೆಸಿದ. ಸ್ಟ್ರಾಟ್‌ಫರ್ಡಿನ ಬಡವರಿಗೆ 40 ಶಿಲಿಂಗ್ ಕೊಟ್ಟ. ಆ ದುಡ್ಡು ಎಲ್ಲಿತ್ತು? 'ವಿಲಿಯಂ ಶೇಕ್ಸ್‌ಪಿಯರ್ ಅವರ ಹೆಂಡತಿ ಆನ್ ಕೈಯಲ್ಲಿ ಇದೆ, ನನಗೆ ಬರಬೇಕಾದದ್ದು' ಅಂತ ಅವನೇ ಹೇಳಿದ್ದಾನೆ. ಸಾಲವೋ, ಇಟ್ಟುಕೊಂಡಿರಿ ಅಂತ ಕೊಟ್ಟ ಗಂಟೋ. ಗಂಡನ ಉಯಿಲಿನಲ್ಲಿ ಹೆಸರೇ ಇಲ್ಲದ ಆನ್, ಕುರಿಗಾಹಿಯ ಉಯಿಲಿನಲ್ಲಿ ಹೆಸರು ಸಮೇತ, ಊರಿನ ಬಡವರ ದುಡ್ಡು ಕೈಯಲ್ಲಿಟ್ಟುಕೊಂಡು ನಿಂತಿದ್ದಾಳೆ.

'ಉಯಿಲಿನಲ್ಲಿ ಪುಸ್ತಕಗಳೇ ಇಲ್ಲ, ಆ ನಾಟಕಗಳನ್ನು ಬರೆದವನು ಇವನೇ ಅಲ್ಲ' ಅನ್ನುವ ಮಾತೂ ನಿಮ್ಮ ಕಿವಿಗೆ ಬಿದ್ದಿರಬಹುದು. ಇದಕ್ಕೂ ಅದೇ ಉತ್ತರ. ಪುಸ್ತಕ, ಪಾತ್ರೆ, ಪೆಟ್ಟಿಗೆಗಳ ಲೆಕ್ಕ ಬರುವುದು ಉಯಿಲಿನಲ್ಲಿ ಅಲ್ಲ, ಮಹಜರಿನಲ್ಲಿ. 1529ರ ಕಾಯ್ದೆಯ ಪ್ರಕಾರ ಅಕ್ಕಪಕ್ಕದ ಪಂಚರು ಮನೆಯ ಕೋಣೆ ಕೋಣೆ ಸುತ್ತಿ, ಒಲೆಯ ಇಕ್ಕಳದವರೆಗೂ ಬೆಲೆ ಕಟ್ಟಿ ಪಟ್ಟಿ ಮಾಡುತ್ತಿದ್ದರು. ಶೇಕ್ಸ್‌ಪಿಯರ್ ಮನೆಯ ಪಟ್ಟಿ ಉಳಿದಿಲ್ಲ. ಉಯಿಲಿನಲ್ಲಿ 'ಮಿಕ್ಕ ಸಾಮಾನು ಎಲ್ಲ' ಅಂತ ಒಂದೇ ಸಾಲಿನಲ್ಲಿ ಸುಸಾನ ಮತ್ತು ಅವಳ ಗಂಡ ಹಾಲ್‌ಗೆ ಕೊಟ್ಟಿದ್ದಾನೆ. ಪುಸ್ತಕಗಳು ಇದ್ದರೆ ಅದರೊಳಗೆ ಹೋದವು.

ಕೊನೆಗೆ, ಹೂಳುವ ವಿಷಯದಲ್ಲಿ ಬರೆದದ್ದನ್ನು ಪಾಲಿಸಲೇಬೇಕಿತ್ತಾ ಅಂತ ಕೇಳಿದ್ದೀರಿ. ಕಟ್ಟಾ ಕಾನೂನಿನ ಮಾತಲ್ಲಿ ಇಲ್ಲ. ಸತ್ತ ದೇಹ ಯಾರ ಆಸ್ತಿಯೂ ಅಲ್ಲ ಅನ್ನುವುದು ಇಂಗ್ಲಿಷ್ ಕಾನೂನಿನ ನಿಲುವು. ಆಸ್ತಿ ಅಲ್ಲದ್ದನ್ನು ಉಯಿಲಿನಲ್ಲಿ ಕಟ್ಟಿಹಾಕಲು ಬರುವುದಿಲ್ಲ ಅಂತ 1882ರಲ್ಲಿ ಅಲ್ಲಿನ ಕೋರ್ಟು ಸ್ಪಷ್ಟವಾಗಿಯೇ ಹೇಳಿತು. ಆದರೆ ಸಮಾಧಿಗೆ ಇಷ್ಟು, ಬಡವರಿಗೆ ಇಷ್ಟು ಅಂತ ದುಡ್ಡು ಇಟ್ಟಿದ್ದರೆ ಅದಕ್ಕೆ ಎಕ್ಸಿಕ್ಯೂಟರ್ ಲೆಕ್ಕ ಕೊಡಬೇಕಿತ್ತು. ಕೂಂಬ್ ಬರೀ ಆಸೆ ಬರೆಸದೆ 60 ಪೌಂಡ್ ಅಂತ ಮೊತ್ತವನ್ನೂ ಬರೆಸಿದ್ದು ಜಾಣತನವೇ. ದಿನಗಳ ಲೆಕ್ಕವನ್ನೂ ನೋಡಿ. ಶೇಕ್ಸ್‌ಪಿಯರ್ ತೀರಿಕೊಂಡಿದ್ದು ಏಪ್ರಿಲ್ 23, ಹೂಳಿದ್ದು 25, ಉಯಿಲು ಕೋರ್ಟಿಗೆ ಹೋಗಿದ್ದು ಜೂನ್ 22. ಕೋರ್ಟು ನೋಡುವ ಹೊತ್ತಿಗೆ ದೇಹ ಎರಡು ತಿಂಗಳಿಂದ ಮಣ್ಣಿನಲ್ಲಿತ್ತು. ಹಾಗಾಗಿ ಹೂಳುವ ಮಾತನ್ನು ಕಾಗದದಲ್ಲಿ ಬರೆಸಿದವರೂ ಮನೆಯವರಿಗೆ ಬಾಯಲ್ಲೂ ಹೇಳಿಡಬೇಕಿತ್ತು. ನಿಮ್ಮ ಮನೆಯಲ್ಲೂ ಯಾರಾದರೂ ಅಂಥ ಆಸೆ ಬರೆಸುವುದಿದ್ದರೆ ಇದನ್ನೇ ಹೇಳುತ್ತೇನೆ. ಬೀರುವಿನಲ್ಲಿ ಬೀಗ ಹಾಕಿಟ್ಟ ಉಯಿಲನ್ನು ಹೊರಗೆ ತೆಗೆಯುವುದು ಸಾಮಾನ್ಯವಾಗಿ ತಿಥಿ ಮುಗಿದ ಮೇಲೆ.

ಆನ್ 1623ರ ಆಗಸ್ಟ್ 6ರಂದು, 67ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳನ್ನು ಹೂಳಿದ್ದು ಚಾನ್ಸೆಲ್‌ನಲ್ಲಿ, ಗಂಡನ ಪಕ್ಕದಲ್ಲೇ. ಸುಸಾನಳಿಗೆ ಗಂಡುಮಕ್ಕಳು ಆಗಲೇ ಇಲ್ಲ. ಜೂಡಿತ್‌ನ ಮೂವರು ಮಕ್ಕಳೂ ಅವಳ ಕಣ್ಣೆದುರಿಗೇ ಹೋದರು. ಬೆಳ್ಳಿ ಪಾತ್ರೆ ಪಡೆದ ಆ ಎಂಟು ವರ್ಷದ ಮೊಮ್ಮಗಳು ಎಲಿಜಬೆತ್ 1670ರಲ್ಲಿ ಮಕ್ಕಳಿಲ್ಲದೆ ಸತ್ತಾಗ ಅವನ ನೇರ ವಂಶ ಮುಗಿಯಿತು. ಹೆಸರು ಬರೆಯಲು ಮರೆತ ಆ ಥಾಮಸ್ ಹಾರ್ಟ್‌ನ ಮಕ್ಕಳಿಗೆ ಎಲಿಜಬೆತ್ ತನ್ನ ಉಯಿಲಿನಲ್ಲಿ ಹೆನ್ಲಿ ಬೀದಿಯ ಮನೆ ಬರೆದಿದ್ದಳು.